ಕುದುರೆಯ ಹಿಮ್ಮಡಿ ಮತ್ತು ಕ್ಷ-ಕಿರಣ

ಕುದುರೆಯ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಒಂದು ಮೂಲೆಯಿದೆ. ಅದನ್ನು ಹಿಮ್ಮುಖವಾಗಿ ಬಾಗಿದ ಮೊಣಕಾಲೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದು ಕುದುರೆಯ ಹಿಮ್ಮಡಿ. ಇಂಗ್ಲಿಷಿನಲ್ಲಿ ಹಾಕ್ ಎನ್ನುವ ಈ ಕೀಲು ನಮ್ಮ ಪಾದದ ಗಂಟಿಗೆ ಸಮಾನವಾದುದು. ಅಲ್ಲಿ ನಮಗೆ 7 ಸಣ್ಣ ಎಲುಬುಗಳಿದ್ದರೆ, ಕುದುರೆಗೆ ಎರಡು ಕೂಡಿಕೊಂಡು ಸಾಮಾನ್ಯವಾಗಿ 6 ಇರುತ್ತವೆ. ಕುದುರೆ ಜೀವನವಿಡೀ ತುದಿಗಾಲಿನಲ್ಲೇ ನಿಲ್ಲುವ ಪ್ರಾಣಿ ಎಂದು ತರಗತಿಯಲ್ಲಿ ಹೇಳಿದಾಗ ನೀವೆಲ್ಲ ನಕ್ಕದ್ದು ನನಗೆ ನೆನಪಿದೆ.

ಈಗ ಇದನ್ನು ಬರೆಯಲು ಕಾರಣವಿದೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಬಂದವನು ಒಂದು ಕುದುರೆಯ ಕ್ಷ-ಕಿರಣ ಚಿತ್ರಗಳನ್ನು ತೋರಿಸಿದ. ಅದು ಹಳೇ ಹುಬ್ಬಳ್ಳಿಯವರೊಬ್ಬರ ಕುದುರೆ. ಅವರ ತಂದೆ ರೈಲು ನಿಲ್ದಾಣದ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಮಗ ಮದುವೆ ಮೆರವಣಿಗೆಗೆ ಕುದುರೆ ಒದಗಿಸಿ ಸಂಸಾರ ನಡೆಸುತ್ತಾರೆ. ಕುದುರೆ ಎಡ ಹಿಂಗಾಲು ಕುಂಟುತ್ತಿತ್ತು. ಫಿಲ್ಮ್ ನೋಡಿದವರು ಯಾರೋ ‘ಎಲುಬು ಕೆಟ್ಟಿದೆ, ಮಾರಿಬಿಡಿ’ ಎಂದಿದ್ದರಂತೆ. ಕುಂಟುವ ಕುದುರೆಯನ್ನು ಕೊಳ್ಳುವವರು ಯಾರು, ಏತಕ್ಕಾಗಿ ಕೊಳ್ಳುತ್ತಾರೆ ಎಂಬುದು ಅವರಿಗೆ ತಿಳಿಯದ ಮಾತಲ್ಲ.

1895ರಲ್ಲಿ ರಾಂಟ್‌ಜನ್ ತನ್ನ ಪತ್ನಿಯ ಕೈಯ ಚಿತ್ರ ತೆಗೆದುದನ್ನು ನೀವು ಓದಿದ್ದೀರಿ. ಅಂಥ ಚಿತ್ರ ಒಂದು ನೆರಳು ಮಾತ್ರ. ಎಲುಬುಗಳು ಒಂದರ ಮೇಲೊಂದು ಬೀಳುವುದರಿಂದ ಈ ಕೀಲನ್ನು ಮುಂದಿನಿಂದ, ಪಕ್ಕದಿಂದ, ಎರಡು ಓರೆಗಳಿಂದ, ಹೀಗೆ ನಾಲ್ಕು ಬಗೆಯಲ್ಲಿ ತೆಗೆಯುತ್ತಾರೆ. ಎಲುಬುಗಳ ನಡುವಿನ ಮೃದ್ವಸ್ಥಿ ಫಿಲ್ಮಿನಲ್ಲಿ ಮೂಡದು, ಕಪ್ಪು ಗೆರೆಯಾಗಿ ಉಳಿಯುತ್ತದೆ. ಆ ಗೆರೆ ಕಿರಿದಾಗಿದೆಯೇ, ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಇದೆಯೇ, ಎಲುಬು ಕೆಲವೆಡೆ ಸವೆದು ಕಪ್ಪಾಗಿ, ಕೆಲವೆಡೆ ಗಟ್ಟಿಯಾಗಿ ಹೆಚ್ಚು ಬಿಳುಪಾಗಿದೆಯೇ ಎಂದು ನೋಡಬೇಕು. ಈ ಸಂಧಿವಾತ ಸಾಮಾನ್ಯವಾಗಿ ಕೆಳಗಿನ ಎರಡು ಸಂಧಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಾಲು ಮಡಚುವ ಕೆಲಸವೆಲ್ಲ ಬಹುತೇಕ ಮೇಲಿನ ಸಂಧಿಯದು. ಕೆಳಗಿನವು ಅಲುಗುವುದೇ ಅತ್ಯಲ್ಪ.

ಅಚ್ಚರಿಯೆಂದರೆ, ಚಿತ್ರದಲ್ಲಿ ಹೆಚ್ಚು ಕೆಟ್ಟಂತೆ ಕಂಡದ್ದು ಕುಂಟದ ಬಲಗಾಲು! ಅಲ್ಲಿ ಕೆಳಗಿನ ಸಂಧಿಯ ಗೆರೆಯೇ ಅಳಿಸಿ ಎಲುಬುಗಳು ಒಂದಾಗಿದ್ದವು. ಹೀಗೆ ಪೂರ್ತಿ ಬೆಸೆದುಕೊಂಡ ಮೇಲೆ ಎಷ್ಟೋ ಸಲ ನೋವು ಶಮನವಾಗುತ್ತದೆಯಂತೆ. ಎಡಗಾಲಿನಲ್ಲಿ ಇದ್ದುದು ಸಣ್ಣದೊಂದು ಮುಳ್ಳು ಮಾತ್ರ. ಆತ ಆ ಸಂಧಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕುದುರೆಯನ್ನು ಓಡಿಸಿ ನೋಡಿದಾಗ ಕುಂಟು ಬಹುಮಟ್ಟಿಗೆ ಮಾಯವಾಯಿತು. ನೋವಿನ ಸ್ಥಾನ ಖಚಿತವಾದದ್ದು ಆಗಲೇ.

“ಸರ್, ಫಿಲ್ಮಿನ್ಯಾಗ ಎಲುಬು ಕಾಣತಾವ, ನೋವು ಕಾಣಂಗಿಲ್ಲ” ಎಂದ. ಕುದುರೆಯನ್ನು ಮಾರಲಿಲ್ಲ. ಔಷಧ, ಲಾಳದ ಮಾರ್ಪಾಡು, ಹಗುರವಾದ ನಡಿಗೆ ನಡೆದಿವೆ. ಪೂರ್ಣ ಗುಣವಾಗುವ ಭರವಸೆಯನ್ನು ಮಾತ್ರ ಆತ ಕೊಟ್ಟಿಲ್ಲ. ದೂರದ ಮೆರವಣಿಗೆಗಳನ್ನು ಬಿಡಿಸಿದ್ದಾನೆ.

ನನ್ನ ಮೊಣಕಾಲಿನ ಚಿತ್ರದಲ್ಲಿಯೂ ಅಂಥ ಮುಳ್ಳುಗಳಿವೆ. ಆದರೂ ಬೆಳಗಿನ ತಿರುಗಾಟ ನಿಂತಿಲ್ಲ. ಆದ್ದರಿಂದ ನಿಮ್ಮ ಮನೆಯ ಹಿರಿಯರ ಫಿಲ್ಮ್ ನೋಡಿ ಗಾಬರಿಯಾಗುವ ಮುನ್ನ ಅವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿರಿ. ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಎಂದು ಕೇಳಿ ವೈದ್ಯರಿಗೆ ತಿಳಿಸಿರಿ. ಕುದುರೆಗಿಲ್ಲದ ಮಾತು ಅವರಿಗಿದೆಯಲ್ಲವೇ?