ಯಾರಿಂದ ಕೇಳಿದಿರಿ?

ಸಂಜೆ ಕತ್ತಲಾಗುವ ಹೊತ್ತಿಗೆ ಮೊಬೈಲ್ ರಿಂಗಾದರೆ ನಮ್ಮೂರಿನವರಿಗೆ ಮೊದಲು ನೆನಪಾಗುವುದು ನೆಂಟರಲ್ಲ, ಆನೆ. ಸಕಲೇಶಪುರ, ಆಲೂರು ಭಾಗದ ಜನರಿಗಾಗಿ ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ 2017ರಲ್ಲಿ ಒಂದು ಮುನ್ನೆಚ್ಚರಿಕೆ ವ್ಯವಸ್ಥೆಯನ್ನು ಆರಂಭಿಸಿದವು. ಆನೆಗಳು ಎಲ್ಲಿವೆ ಎಂಬ ಮಾಹಿತಿ ಎಸ್ಸೆಮ್ಮೆಸ್ಸಿನಲ್ಲೂ ಕನ್ನಡದ ಧ್ವನಿ ಕರೆಯಲ್ಲೂ ಜನರನ್ನು ತಲುಪತೊಡಗಿತು. ಓದು ಬಾರದವರಿಗೆ ಆ ಧ್ವನಿಯೇ ಆಸರೆ.

ಧ್ವನಿಯ ಬೆಲೆ ಇಷ್ಟು ಚೆನ್ನಾಗಿ ಗೊತ್ತಿರುವ ನೆಲದಲ್ಲಿದ್ದೂ, ನಮ್ಮ ಮಗಳು ಒಂದು ದಿನ ಪಾಡ್‌ಕಾಸ್ಟ್ ಎಂದಾಗ ನಮಗೆ ತಕ್ಷಣ ಅರ್ಥವಾಗಲಿಲ್ಲ. ವಿದ್ಯಾರ್ಥಿಗಳಿಗೆ ಸ್ಪರ್ಧೆಯಂತೆ. ಐದೇ ನಿಮಿಷ. ಚಿತ್ರವಿಲ್ಲ, ಬರೀ ಧ್ವನಿ. ವಿಷಯ, ಬರಹ, ಮಾತು ಎಲ್ಲವೂ ಸ್ವಂತದ್ದಾಗಿರಬೇಕು. ಪಿಯುಸಿ ಮೊದಲ ವರ್ಷದ ಮೂವರು ಗೆಳತಿಯರು ಸೇರಿ ಹೆಸರು ಕೊಟ್ಟು ಬಂದಿದ್ದರು. ಒಬ್ಬಳು ನಮ್ಮ ಮಗಳು, ಇನ್ನೊಬ್ಬಳು ಎಸ್ಟೇಟಿನ ರೈಟರ್ ಮಗಳು, ಮತ್ತೊಬ್ಬಳು ಅದೇ ಎಸ್ಟೇಟಿನ ಲೈನ್ ಮನೆಯ ಹುಡುಗಿ.

ಮೊದಲು ಆರಿಸಿದ್ದು ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಎಂದು ಶುರುವಾದ ಬರಹವನ್ನು ಓದಿಸಿ ಕೇಳಿದೆವು. ಪಠ್ಯಪುಸ್ತಕ ಕೇಳಿದ ಹಾಗಿತ್ತು. ಆಗ ಲೈನ್ ಮನೆಯ ಹುಡುಗಿ ಮೆಲ್ಲಗೆ ಹೇಳಿದಳು: “ಆನೆ ಫೋನ್ ಬಂದ ಮೇಲೆ ನಮ್ಮ ಲೈನಿನಲ್ಲಿ ಏನಾಗುತ್ತೆ ಅಂತ ಹೊರಗಿನವರಿಗೆ ಗೊತ್ತಿಲ್ಲ.” ವಿಷಯ ಅಲ್ಲಿಗೆ ನಿರ್ಧಾರವಾಯಿತು.

ಮಕ್ಕಳಿಗೆ ಇನ್ನಷ್ಟು ಹುಮ್ಮಸ್ಸು ತಂದದ್ದು ದೂರದ ಒಂದು ಸುದ್ದಿ. ಅಮೆರಿಕದ ಸಾರ್ವಜನಿಕ ರೇಡಿಯೋ ಸಂಸ್ಥೆ ಎನ್‌ಪಿಆರ್ ವಿದ್ಯಾರ್ಥಿಗಳಿಗಾಗಿ ನಡೆಸಿದ ಮೊದಲ ಪಾಡ್‌ಕಾಸ್ಟ್ ಸ್ಪರ್ಧೆಯಲ್ಲಿ, 2019ರಲ್ಲಿ, ಹೈಸ್ಕೂಲ್ ವಿಭಾಗದ ಬಹುಮಾನ ಪಡೆದದ್ದೂ ಆನೆಯ ಕಥೆಯೇ! ಟೆನೆಸ್ಸಿ ರಾಜ್ಯದ ಇರ್ವಿನ್ ಎಂಬ ಪುಟ್ಟ ಊರಿನಲ್ಲಿ 1916ರಲ್ಲಿ ಮೇರಿ ಎಂಬ ಸರ್ಕಸ್ ಆನೆಯನ್ನು, ಅದು ಮನುಷ್ಯನನ್ನು ಕೊಂದಿತೆಂಬ ಕಾರಣಕ್ಕೆ, ರೈಲ್ವೆ ಕ್ರೇನಿಗೆ ನೇತುಹಾಕಿ ಗಲ್ಲಿಗೇರಿಸಲಾಗಿತ್ತು. ನೂರು ವರ್ಷದ ಬಳಿಕವೂ ಆ ಕಳಂಕವನ್ನು ಹೊತ್ತ ಊರು ಅದನ್ನು ತೊಳೆದುಕೊಳ್ಳಲು ಹೆಣಗಿದ ಕಥೆಯನ್ನು ಪಕ್ಕದ ಊರಿನ ಮಕ್ಕಳು ಹೇಳಿದ್ದರು.

ನಮ್ಮ ಮಕ್ಕಳೂ ಮಾಹಿತಿ ಕಲೆಹಾಕಿದರು. ಕರ್ನಾಟಕ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಆಲೂರು, ಸಕಲೇಶಪುರ ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತ್ತು. ಅದರಂತೆ 2014ರಲ್ಲಿ ಆಲೂರು ಕಡೆಯಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಆದರೂ ಆನೆಗಳು ಬರುವುದು ನಿಲ್ಲಲಿಲ್ಲ. ಎಂಟು ಬಾರಿ ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣಬಿಟ್ಟ.

ಇವೆಲ್ಲ ಸರಿಯಿತ್ತು. ಆದರೆ ಬರಹದ ನಡುವೆ ಬೇರೆ ಮಾತುಗಳೂ ನುಸುಳಿದ್ದವು. ‘ಆನೆ ಸೇಡು ಇಟ್ಟುಕೊಂಡು ಹುಡುಕಿಕೊಂಡು ಬರುತ್ತದೆ’, ‘ಇಂಥ ತೋಟದ ಪಕ್ಕದಲ್ಲಿ ಐವತ್ತು ಆನೆಗಳಿವೆ’. ನಾವು ಕೇಳಿದೆವು: “ಇದನ್ನು ಯಾರಿಂದ ಕೇಳಿದಿರಿ?” ಮೂವರೂ ಮುಖ ಮುಖ ನೋಡಿಕೊಂಡರು. ಮಗಳು ನಕ್ಕಳು: “ಏನು ಉಪ್ಪಾ, ಹದೀಸಿನ ಹಾಗೆ ಇದಕ್ಕೂ ಸನದ್ ಬೇಕಾ?”

ಬೇಕು ಎಂದೆವು. ಪ್ರವಾದಿವರ್ಯರ(ಸ) ಮಾತನ್ನು ಸಂಗ್ರಹಿಸಿದ ವಿದ್ವಾಂಸರು, ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಮೊದಲು ನೋಡುತ್ತಿದ್ದರು. ಆ ಸರಪಳಿಯೇ ಸನದ್. ನಡುವಿನ ಒಂದು ಕೊಂಡಿ ಸಡಿಲವಾಗಿದ್ದರೂ ಮಾತು ಎಷ್ಟೇ ಸುಂದರವಾಗಿರಲಿ, ಅದರ ತೂಕ ಕಡಿಮೆಯಾಗುತ್ತಿತ್ತು. ಸುದ್ದಿಯನ್ನು ಪರಿಶೀಲಿಸದೆ ನಂಬಿ ಅಮಾಯಕರಿಗೆ ಹಾನಿ ಮಾಡಬಾರದೆಂಬ ಎಚ್ಚರಿಕೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಆನೆಯ ವಿಷಯಕ್ಕೆ ಅದು ಅನ್ವಯಿಸುವುದಿಲ್ಲವೇ? ಸುಳ್ಳು ಸುದ್ದಿಗೆ ಹೆದರಿ ಒಂದು ದಿನದ ಕೂಲಿ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಆ ರಾತ್ರಿ ಬರಹದ ಅರ್ಧದಷ್ಟು ಸಾಲುಗಳು ಬಿದ್ದುಹೋದವು. ಉಳಿದದ್ದು ಕಣ್ಣಾರೆ ಕಂಡದ್ದು, ಕಂಡವರ ಬಾಯಿಂದ ಕೇಳಿದ್ದು, ದಾಖಲೆಯಲ್ಲಿದ್ದದ್ದು.

ಇಷ್ಟೆಲ್ಲ ಉಪದೇಶ ಮಾಡಿದ ನಾವೇ ಎಡವಿದ್ದು ಮರುವಾರ.

ಅದೇ ಲೈನಿನಲ್ಲಿ ಒಬ್ಬ ಹೆಂಗಸು. ಎಚ್ಚರಿಕೆಯ ಕರೆಗಳಿಲ್ಲದ ಕಾಲದಲ್ಲಿ, ಮಂಜು ಕವಿದ ಒಂದು ಬೆಳಗ್ಗೆ ಕೆಲಸಕ್ಕೆ ಹೊರಟ ಅವರ ಗಂಡ ಆನೆಗೆ ಬಲಿಯಾಗಿದ್ದರು. ಮಕ್ಕಳು ಹೋಗಿ ಮಾತಾಡಿಸಿದಾಗ ಮುಕ್ಕಾಲು ಗಂಟೆ ಮಾತಾಡಿದರು. ನಡುವೆ ಗಂಟಲು ಕಟ್ಟಿತು, ಬಿಕ್ಕಿ ಬಿಕ್ಕಿ ಅತ್ತರು. ಮೊಬೈಲ್ ಎಲ್ಲವನ್ನೂ ಹಿಡಿದಿಟ್ಟುಕೊಂಡಿತ್ತು. ಮನೆಗೆ ಬಂದು ಕೇಳಿಸಿದರು. ನಮ್ಮಿಬ್ಬರ ಕಣ್ಣೂ ಒದ್ದೆಯಾಯಿತು. “ಇದನ್ನೇ ಆರಂಭದಲ್ಲಿ ಹಾಕಿ, ಬಹುಮಾನ ಖಂಡಿತ” ಎಂದುಬಿಟ್ಟೆವು.

ಲೈನ್ ಮನೆಯ ಹುಡುಗಿ ಸುಮ್ಮನಿದ್ದಳು. ಮರುದಿನ ಅವಳೇ ಹೇಳಿದಳು: “ಮೊದಲು ದೊಡ್ಡಮ್ಮನಿಗೆ ಕೇಳಿಸೋಣ.”

ಕೇಳಿಸಿದರು. ಅವರು ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರಂತೆ: “ಅಳಾದು ಬ್ಯಾಡ ಕಣವ್ವ. ಅವ್ರು ಹೋದ್ಮೇಲೆ ಇಬ್ರು ಮಕ್ಕಳ್ನ ಓದಿಸಿದೀನಿ. ಅದ್ನ ಹಾಕಿ. ಅವತ್ತು ನಮಗ್ಯಾರೂ ಹೇಳ್ಲಿಲ್ಲ, ಅದ್ನೂ ಹಾಕಿ.”

ಮಗಳು ಬಂದು ಇದನ್ನು ಹೇಳಿದಾಗ ನಮಗೆ ನಾಚಿಕೆಯಾಯಿತು. ಮಾತು ಯಾರದ್ದು ಎಂದು ಕೇಳಲು ಕಲಿಸಿದ್ದೆವು. ಕಣ್ಣೀರು ಯಾರದ್ದು ಎಂದು ಕೇಳುವುದನ್ನು ನಾವೇ ಮರೆತಿದ್ದೆವು. ಕೇಳಿದ್ದೆಲ್ಲ ನಮ್ಮದಾಗುವುದಿಲ್ಲ. ಕೆಲವು ಅಮಾನತ್ತು, ನಂಬಿ ಒಪ್ಪಿಸಿದ್ದು.

ಧ್ವನಿಮುದ್ರಣ ನಡೆದದ್ದು ನಮ್ಮ ಮಲಗುವ ಕೋಣೆಯಲ್ಲಿ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದರಲ್ಲ, ನಮ್ಮ ಹುಡುಗಿಯರಿಗೆ ಬಟ್ಟೆ ತುಂಬಿದ ಕಪಾಟು ಮತ್ತು ಎರಡು ಕಂಬಳಿ ಸಾಕಾದವು. ಪ್ರತಿಧ್ವನಿ ಹೋಯಿತು, ಮಳೆ ಹೋಗಲಿಲ್ಲ. ಶೀಟಿನ ಮೇಲೆ ಮಳೆ ನಿಲ್ಲಲು ಮೂರು ರಾತ್ರಿ ಕಾದರು. ಕೊನೆಗೆ “ಮಲೆನಾಡಿನ ಕಥೆಯಲ್ಲಿ ಮಳೆ ಇರಲಿ ಬಿಡು” ಎಂದು ಹಾಗೆಯೇ ಮುಗಿಸಿದರು.

ಕೊನೆಯ ಅರ್ಧ ನಿಮಿಷದಲ್ಲಿ ಯಾರ ನಿರೂಪಣೆಯೂ ಇಲ್ಲ. ಫೋನ್ ರಿಂಗಾಗುತ್ತದೆ. ಆನೆಗಳು ಎಲ್ಲಿವೆಯೆಂದು ಧ್ವನಿಯೊಂದು ಹೇಳುತ್ತದೆ. ಬಾಗಿಲು ತೆರೆದ ಸದ್ದು. ಆ ಹುಡುಗಿಯ ತಾಯಿ ಕೂಗುತ್ತಾರೆ: “ಕೆರೆ ಏರಿ ತಾವ ಆನೆ ಅದಾವಂತೆ, ಯಾರೂ ಈಚೆ ಬರಬ್ಯಾಡಿ!” ಮುಂದಿನ ಮನೆಯ ಇನ್ನೊಂದು ಧ್ವನಿ ಅದನ್ನೇ ಕೂಗುತ್ತದೆ. ಆಮೇಲೆ ಇನ್ನೊಂದು, ದೂರದಿಂದ. ಒಂದಕ್ಷರವೂ ಬದಲಾಗದೆ ಲೈನಿನ ಕೊನೆಯ ಮನೆಯವರೆಗೂ ಸುದ್ದಿ ಮುಟ್ಟುತ್ತದೆ. ಕೊನೆಯ ಮನೆ ಆ ದೊಡ್ಡಮ್ಮನದ್ದು.

ಬಹುಮಾನ ಬರಲಿಲ್ಲ. ಮಕ್ಕಳು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು. ನಮಗಂತೂ ಆ ಅರ್ಧ ನಿಮಿಷ ಇನ್ನೂ ಕಿವಿಯಲ್ಲಿದೆ. ಸನದ್ ಎಂದರೇನೆಂದು ನಾವು ಪುಸ್ತಕದಿಂದ ಹೇಳಿಕೊಟ್ಟಿದ್ದೆವು. ಹಿಂದೂ, ಮುಸ್ಲಿಮ್, ಕ್ರೈಸ್ತ ಎನ್ನದೆ ಬಾಗಿಲಿಂದ ಬಾಗಿಲಿಗೆ ಒಬ್ಬರ ಜೀವವನ್ನು ಇನ್ನೊಬ್ಬರು ಕಾಯುವ ಆ ಲೈನಿನ ಹೆಂಗಸರು ಅದನ್ನು ಎಂದಿನಿಂದಲೋ ಪಾಲಿಸುತ್ತಿದ್ದರು.