ಬೆಟ್ಟದ ಒಳಗಿನ ದಾರಿ

ಆಲ್ಪ್ಸ್ ನೋಡಬೇಕೆಂದು ಊರಿನಿಂದ ಬರುವವರೆಲ್ಲ ಮೊದಲು ಕೇಳುವುದು ಶಿಖರವನ್ನೇ. ಸ್ವಿಟ್ಜರ್ಲೆಂಡಿಗೆ ಹೋದರೆ ಟಿಟ್ಲಿಸ್, ಯುಂಗ್‌ಫ್ರಾವ್. ನಾನಿರುವ ಮ್ಯೂನಿಕ್ ಕಡೆಗೆ ಬಂದರೆ ತ್ಸುಗ್‌ಸ್ಪಿಟ್ಸೆ. ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ಹಿಮ ಮುಟ್ಟಿ, ನಾಲ್ಕು ಫೋಟೊ ತೆಗೆಸಿಕೊಂಡು ಸಂಜೆಗೆ ಇಳಿಯುತ್ತಾರೆ. ಅದನ್ನು ನಾನು ಬೇಡವೆನ್ನುವುದಿಲ್ಲ. ಮೊದಲ ಸಲ ಹಿಮವನ್ನು ಅಂಗೈಯಲ್ಲಿ ಹಿಡಿದವರ ಮುಖದ ಕಳೆಯೇ ಬೇರೆ. ಆದರೆ ಮಾರನೆಯ ಬೆಳಗ್ಗೆ ಅವರನ್ನು ಕಮರಿಗೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ.

ಶಿಖರದ ಮೇಲೆ ನಿಂತವರಿಗೆ ತಾವು ನಿಂತ ಬೆಟ್ಟ ಕಾಣುವುದಿಲ್ಲ, ಸುತ್ತಲಿನ ಬೇರೆ ಬೆಟ್ಟಗಳು ಕಾಣುತ್ತವೆ. ಎಲ್ಲವೂ ದೂರ, ಎಲ್ಲವೂ ಸದ್ದಿಲ್ಲದ್ದು, ಎಲ್ಲವೂ ಎಂದೋ ಮುಗಿದುಹೋದ ಕೆಲಸದಂತೆ ತೋರುತ್ತದೆ. ಕಮರಿಯಲ್ಲಿ ಬೆಟ್ಟ ಕೈಗೆ ಸಿಗುತ್ತದೆ. ಅದರ ಹೊಟ್ಟೆಯೊಳಗೆ ನಡೆಯುತ್ತಿರುತ್ತೀರಿ, ಮತ್ತು ಅದನ್ನು ಕೊರೆಯುವ ಕೆಲಸ ನಿಮ್ಮ ಕಾಲ ಬುಡದಲ್ಲೇ ನಡೆದಿರುತ್ತದೆ. ಬೆಟ್ಟವನ್ನು ಅರಿಯಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ.

ನನಗೆ ಹೆಚ್ಚು ಬಳಕೆಯಾಗಿರುವುದು ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಊರಿನ ಪಾರ್ಟ್‌ನಾಖ್ ಕ್ಲಾಮ್ ಎಂಬ ಕಮರಿ. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಸ್ಕೀ ಮೈದಾನದ ಪಕ್ಕದಿಂದ ಅರ್ಧ ಗಂಟೆ ನಡೆದರೆ ಟಿಕೆಟ್ ಕಟ್ಟೆ. ಅಲ್ಲಿಂದ ಮುಂದೆ ಎರಡು ಗೋಡೆಗಳ ನಡುವೆ ಸುಮಾರು 700 ಮೀಟರ್ ದಾರಿ. ಉದ್ದ ಕೇಳಿದವರು ಅಷ್ಟೇನಾ ಎನ್ನುತ್ತಾರೆ. ಒಳಗೆ ಹೋದ ಮೇಲೆ ಅಳತೆಯ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಗೋಡೆಗಳು 80 ಮೀಟರಿನಷ್ಟು ಎತ್ತರ ಏಳುತ್ತವೆ, ಆಕಾಶ ಒಂದು ಪಟ್ಟಿಯಾಗುತ್ತದೆ. ಬಂಡೆಯನ್ನು ಕೊರೆದು ಮಾಡಿದ ಹಾದಿ ಕೆಲವೆಡೆ ಸುರಂಗವಾಗುತ್ತದೆ, ಎತ್ತರದವರು ತಲೆ ತಗ್ಗಿಸಬೇಕು. ಮೇಲಿನಿಂದ ನೀರು ಸದಾ ತೊಟ್ಟಿಕ್ಕುತ್ತಿರುತ್ತದೆ. ಜುಲೈ ತಿಂಗಳಲ್ಲೂ ಸ್ವೆಟರಿನ ಮೇಲೊಂದು ಮಳೆ ಅಂಗಿ ಇರಬೇಕು. ಹೊಳೆಯ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಎಂಥ ಮಾತುಗಾರರೂ ಕೈಸನ್ನೆಗೆ ಇಳಿಯುತ್ತಾರೆ.

ಅಪ್ಪನನ್ನು ಕರೆದುಕೊಂಡು ಹೋದದ್ದು ಒಂದು ಜೂನ್ ತಿಂಗಳಲ್ಲಿ. ಕನಕಪುರದ ಕಡೆಯವರು, ಎಪ್ಪತ್ತು ದಾಟಿದವರು. ಕಂಬಿ ಹಿಡಿದು ನಿಧಾನವಾಗಿ ನಡೆಯುತ್ತಿದ್ದವರು ಒಂದು ಕಡೆ ನಿಂತುಬಿಟ್ಟರು. ನೀರಿನ ಮಟ್ಟಕ್ಕಿಂತ ಬಹಳ ಮೇಲೆ, ನಮ್ಮ ತಲೆಯ ಎತ್ತರದಲ್ಲಿ, ಬಂಡೆಯಲ್ಲಿ ನುಣ್ಣಗೆ ಕೊರೆದ ಅರ್ಧ ಗುಂಡಿಯೊಂದಿತ್ತು. ಅಪ್ಪ ಅದರೊಳಗೆ ಕೈ ಹಾಕಿ ಸುತ್ತಲೂ ಸವರಿದರು. "ಇದು ನಮ್ಮ ಮೇಕೆದಾಟಿನ ಕಲ್ಲಲ್ಲೂ ಐತಲ್ಲೋ. ಥೇಟ್ ಒರಳು" ಎಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು.

ಅವರು ಹೇಳಿದ್ದು ಸರಿ. ಸಂಗಮದ ಕೆಳಗೆ ಕಾವೇರಿ ಇಕ್ಕಟ್ಟಿಗೆ ಬೀಳುವ ಜಾಗದಲ್ಲಿ ಆ ಗುಂಡಿಗಳನ್ನು ನೋಡದವರಿಲ್ಲ. ಎರಡೂ ಕಡೆ ಆಗುವುದು ಒಂದೇ ಕೆಲಸ. ಸುಳಿಗೆ ಸಿಕ್ಕ ಬೆಣಚುಕಲ್ಲು ಒಂದೇ ಜಾಗದಲ್ಲಿ ಗಿರಗಿರ ತಿರುಗುತ್ತ ಬಂಡೆಯನ್ನು ಅರೆಯುತ್ತದೆ. ಅರೆದು ಅರೆದು ತಾನೂ ಸವೆಯುತ್ತದೆ. ಮುಂದಿನ ಪ್ರವಾಹ ಇನ್ನೊಂದು ಕಲ್ಲು ತಂದುಹಾಕುತ್ತದೆ. ಬರೀ ನೀರು ಬಂಡೆಯನ್ನು ಇಷ್ಟು ಬೇಗ ಕಡಿಯಲಾರದು. ನೀರು ಹೊತ್ತು ತರುವ ಮರಳು, ಕಲ್ಲು ಅದರ ಹತಾರ. ಕಾವೇರಿಯ ಬಂಡೆ ಕೋಟ್ಯಂತರ ವರ್ಷ ಹಳೆಯ ಗಟ್ಟಿ ಶಿಲೆ. ಪಾರ್ಟ್‌ನಾಖ್‌ನದು ಸುಣ್ಣಕಲ್ಲು, ಸುಮಾರು 24 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಅಪ್ಪನ ಕೈ ಇದ್ದ ಗುಂಡಿ ಅಷ್ಟು ಎತ್ತರದಲ್ಲಿತ್ತೆಂದರೆ ಹೊಳೆ ಒಂದು ಕಾಲಕ್ಕೆ ಅಲ್ಲಿ ಹರಿಯುತ್ತಿತ್ತು. ಆಮೇಲೆ ಕೆಳಕ್ಕೆ ಕೊರೆದುಕೊಂಡು ಹೋಯಿತು.

ಇಲ್ಲಿ ಒಂದು ಸಂಗತಿ ನನ್ನನ್ನು ಇವತ್ತಿಗೂ ಹಿಡಿದಿಡುತ್ತದೆ. ಕಲ್ಲು ಮೆದುವಾಗಿದ್ದರೆ ಆಳವಾದ ಕಮರಿ ಆಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಆಗುವುದು ಇದಕ್ಕೆ ತಿರುವುಮುರುವು. ಮೆದು ಕಲ್ಲಿದ್ದಲ್ಲಿ ಹೊಳೆ ಕೊರೆದಂತೆಲ್ಲ ದಡ ಕುಸಿದು, ಜಾರಿ, ಕಣಿವೆ ಅಗಲವಾಗುತ್ತದೆ. ಗಟ್ಟಿ ಕಲ್ಲು ಮಾತ್ರ ಕೊರೆದ ಮೇಲೂ ನೆಟ್ಟಗೆ ನಿಲ್ಲುತ್ತದೆ. ಪಾರ್ಟ್‌ನಾಖ್ ಕಮರಿಯ ಮೇಲ್ತುದಿಗೆ ಬಂದರೆ ಇದು ಕಣ್ಣಿಗೇ ಕಾಣುತ್ತದೆ. ಗಟ್ಟಿ ಸುಣ್ಣಕಲ್ಲು ಮುಗಿದು ಮೆದು ಪದರ ಶುರುವಾದ ಕೂಡಲೇ ಗೋಡೆಗಳು ಹಿಂದೆ ಸರಿಯುತ್ತವೆ. ಬಿಸಿಲು ಬೀಳುತ್ತದೆ, ಅಲ್ಲಿಯವರೆಗೆ ಗರ್ಜಿಸುತ್ತಿದ್ದ ಹೊಳೆ ಜಲ್ಲಿಯ ಮೇಲೆ ಹರಡಿಕೊಂಡು ಹರಿಯುತ್ತದೆ.

ಈ ನೀರು ಬರುವುದು ತ್ಸುಗ್‌ಸ್ಪಿಟ್ಸೆಯಿಂದ. ಅಲ್ಲಿಯ ಎತ್ತರದ ಹಾಸಿನ ಮೇಲೆ ಕರಗಿದ ಹಿಮ, ಬಿದ್ದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ನೆಲದೊಳಗೇ ಹರಿದು, ರೈನ್‌ಟಾಲ್ ಕಣಿವೆಯಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಮೇಲಿರುವ ಹಿಮನದಿಗೆ ಶ್ನೀಫರ್ನರ್ ಎಂದು ಹೆಸರು. ಅದರ ದಕ್ಷಿಣದ ತುಂಡು ಎಷ್ಟು ಕರಗಿತೆಂದರೆ, 2022ರಲ್ಲಿ ಬವೇರಿಯಾದ ವಿಜ್ಞಾನ ಅಕಾಡೆಮಿ ಅದನ್ನು ಇನ್ನು ಹಿಮನದಿ ಎಂದು ಎಣಿಸಲಾಗದು ಎಂದು ಹೇಳಿತು. ಆ ಸುದ್ದಿ ಓದಿದ ದಿನ ನನಗೆ ಬಹಳ ಸಂಕಟವಾಯಿತು. ಹಿಮಯುಗ ಮುಗಿದು ಐಸು ಹಿಂದೆ ಸರಿದಾಗಲೇ ಈ ಕಮರಿಗಳಲ್ಲಿ ಬಹಳಷ್ಟು ಈಗಿನ ರೂಪಕ್ಕೆ ಬಂದದ್ದು. ಈ ಬೆಟ್ಟದ ಐಸಿನ ಕೊನೆಯ ತುಣುಕುಗಳು ನಮ್ಮ ಕಾಲದಲ್ಲೇ, ನಾವು ನೋಡುತ್ತಿರುವಾಗಲೇ ಮುಗಿಯುತ್ತಿವೆ.

ಕಮರಿಯೊಳಗೆ ದಾರಿ ಮಾಡಿದವರು ನಮ್ಮಂಥ ನೋಡಲು ಬಂದವರಲ್ಲ, ಮರ ಕಡಿಯುವವರು. ಹಿಂದಿನ ಕಾಲದಲ್ಲಿ ರೈನ್‌ಟಾಲ್ ಕಾಡಿನ ದಿಮ್ಮಿಗಳನ್ನು ಊರಿಗೆ ಸಾಗಿಸಲು ಬೇರೆ ಉಪಾಯವಿರಲಿಲ್ಲ. ಹಿಮ ಕರಗಿ ಹೊಳೆ ತುಂಬಿದಾಗ ದಿಮ್ಮಿಗಳನ್ನು ನೀರಿಗೆ ಬಿಡುತ್ತಿದ್ದರು. ಕಮರಿಯಲ್ಲಿ ಅವು ಅಡ್ಡಡ್ಡ ಸಿಕ್ಕಿಕೊಂಡು ಗುಡ್ಡೆಯಾಗುತ್ತಿದ್ದವು. ಆಗ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯಬೇಕು. ಉದ್ದನೆಯ ಕೊಕ್ಕೆಕೋಲಿನಿಂದ ಸಿಕ್ಕು ಬಿಡಿಸಬೇಕು. ಬಿಡಿಸಿದ ಕ್ಷಣವೇ ಹಿಂದೆ ಕಟ್ಟಿಕೊಂಡಿದ್ದ ನೀರು, ಮರ ಎಲ್ಲ ಒಟ್ಟಿಗೆ ನುಗ್ಗುತ್ತದೆ. ಅಷ್ಟರೊಳಗೆ ಮೇಲಿನವರು ಅವನನ್ನು ಎಳೆದುಕೊಳ್ಳಬೇಕು. ಆ ಕೆಲಸಗಾರರಿಗಾಗಿ ಬಂಡೆಗೆ ಹೊಡೆದ ಕಬ್ಬಿಣದ ಹಾದಿಯೇ ಮುಂದೆ ಪ್ರವಾಸಿಗಳ ಹಾದಿಯಾಗಿ ಬೆಳೆಯಿತು. 1912ರಲ್ಲಿ ಕಮರಿಯನ್ನು ನಿಸರ್ಗದ ಸ್ಮಾರಕವೆಂದು ಘೋಷಿಸಿದರು. ಅಲ್ಲಿ ನಡೆಯುವಾಗಲೆಲ್ಲ ನನ್ನ ಕಣ್ಣು ಹಗ್ಗಕ್ಕೆ ತೂಗಿಬಿದ್ದ ಆ ಮನುಷ್ಯನನ್ನೇ ಹುಡುಕುತ್ತದೆ. ಹೊಟ್ಟೆಪಾಡಿಗೆ ಅಲ್ಲಿ ಇಳಿದವನಿಗೆ ಈ ಜಾಗ ಚೆಂದ ಕಂಡಿತೋ, ಇಲ್ಲವೋ.

ಒಬರ್ಸ್ಟ್‌ಡಾರ್ಫ್ ಹತ್ತಿರದ ಬ್ರೈಟಾಖ್ ಕಮರಿಯ ಹಿಂದೆ ಒಬ್ಬ ಪಾದ್ರಿ ಇದ್ದಾರೆ. ಹೆಸರು ಯೊಹಾನೆಸ್ ಶೀಬೆಲ್, ಟೀಫೆನ್‌ಬಾಖ್ ಎಂಬ ಬಡ ಹಳ್ಳಿಯ ಚರ್ಚಿನವರು. ಭೂತಪಿಶಾಚಿಗಳ ತಾಣವೆಂದು ಜನ ಹೆದರುತ್ತಿದ್ದ ಆ ಕೊರಕಲಿಗೆ ದಾರಿ ಮಾಡಿದರೆ ನೋಡಲು ಜನ ಬರುತ್ತಾರೆ, ಹಳ್ಳಿಗೆ ನಾಲ್ಕು ಕಾಸು ಬರುತ್ತದೆ ಎಂದು ಅವರಿಗೆ ಹೊಳೆಯಿತು. ಊರವರನ್ನು ಒಪ್ಪಿಸಿ, ಬಂಡೆ ಸಿಡಿಸಿ, 1905ರಲ್ಲಿ ಬಾಗಿಲು ತೆರೆಸಿದರು. ಬಡವರ ಮೇಲಿನ ಕಾಳಜಿಯಿಂದ ಹುಟ್ಟಿದ ಹಾದಿ ಎಂಬ ಕಾರಣಕ್ಕೇ ಅದು ನನಗೆ ಇಷ್ಟ. ಅದೇ ಬ್ರೈಟಾಖ್‌ನಲ್ಲಿ 1995ರ ಸೆಪ್ಟೆಂಬರಿನಲ್ಲಿ ಬೆಟ್ಟದ ಪಕ್ಕೆಯೊಂದು ಕಳಚಿಬಿತ್ತು. ಹೊಳೆಗೆ ಅಡ್ಡಗಟ್ಟೆಯಾಗಿ ನೀರು ಕೆರೆಯಂತೆ ನಿಂತಿತು. ಮುಂದಿನ ಮಾರ್ಚಿನಲ್ಲಿ ಕಟ್ಟೆ ಒಡೆದು, ಸೇತುವೆ, ಹಾದಿ ಎಲ್ಲ ಕೊಚ್ಚಿಕೊಂಡು ಹೋಯಿತು. ಪಾರ್ಟ್‌ನಾಖ್‌ನಲ್ಲೂ 1991ರಲ್ಲಿ ಸುಮಾರು 5,000 ಘನ ಮೀಟರ್ ಬಂಡೆ ಬಿದ್ದು, ಹೊಸ ಸುರಂಗ ಕೊರೆಯಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ, ಅದು ಪುಣ್ಯ.

ಸ್ವಿಟ್ಜರ್ಲೆಂಡಿನ ಮೈರಿಂಗನ್ ಬಳಿಯ ಆರೆ ಕಮರಿ ಇನ್ನೂ ಉದ್ದ, 1.4 ಕಿಲೋಮೀಟರ್, ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಕ್ಕೀತು ಅನ್ನಿಸುವಷ್ಟು ಇಕ್ಕಟ್ಟು. ಹಿಮನದಿ ಅರೆದ ಕಲ್ಲುಹಿಟ್ಟು ಕಲೆತು ಅಲ್ಲಿಯ ನೀರಿಗೆ ಹಾಲು ಬೆರೆಸಿದ ಹಸಿರು ಬಣ್ಣ. ಒಮ್ಮೆ ನೋಡಲೇಬೇಕಾದ ಜಾಗ. ಆದರೆ ನನ್ನ ಮನಸ್ಸು ಅದಕ್ಕಿಂತ ಹೆಚ್ಚು ಎಳೆಯುವುದು ಬಾದ್ ರಾಗಾಟ್ಸ್ ಮೇಲಿನ ತಮೀನಾ ಕಮರಿಗೆ.

ತಮೀನಾದಲ್ಲಿ ಗೋಡೆಗಳು ಮೇಲೆ ಹೆಚ್ಚುಕಡಿಮೆ ಕೂಡಿಕೊಂಡಿವೆ. ಒಳಗೆ ನಡುಹಗಲಿನಲ್ಲೂ ಮಬ್ಬು. ಆ ಮಬ್ಬಿನ ಕೊನೆಯಲ್ಲಿ ಬಂಡೆಯ ಸಂದಿನಿಂದ 36.5 ಡಿಗ್ರಿಯ ಬಿಸಿನೀರು ಬರುತ್ತದೆ, ಮೈಯ ಬಿಸಿಯಷ್ಟೇ ಬಿಸಿ. 1240ರ ಸುಮಾರಿಗೆ ಫೆಫರ್ಸ್ ಮಠದ ಬೇಟೆಗಾರರು ಅದನ್ನು ಕಂಡರಂತೆ. ಸುದ್ದಿ ಹಬ್ಬಿ ರೋಗಿಗಳು ಬರತೊಡಗಿದರು. ಆಗ ದಾರಿಯಿಲ್ಲ, ಮೆಟ್ಟಿಲಿಲ್ಲ. ಮೇಲಿನಿಂದ ಹಗ್ಗದಲ್ಲಿ ಇಳಿಸುತ್ತಿದ್ದರು. ಇಳಿದವರು ಮತ್ತೆ ಮತ್ತೆ ಆ ಕಷ್ಟ ಪಡುವುದು ಬೇಡವೆಂದು ದಿನಗಟ್ಟಲೆ, ರಾತ್ರಿಯೂ, ನೀರಲ್ಲೇ ಇರುತ್ತಿದ್ದರು. ವೈದ್ಯ ಪ್ಯಾರಾಸೆಲ್ಸಸ್ 1535ರಲ್ಲಿ ಇಲ್ಲಿಗೆ ಬಂದು ಈ ನೀರಿನ ಗುಣದ ಮೇಲೆ ಪುಸ್ತಕ ಬರೆದ. 1630ರಲ್ಲಿ ನೀರನ್ನು ಕಮರಿಯ ಬಾಯಿಗೆ ತಂದು ಸ್ನಾನಗೃಹ ಕಟ್ಟಿದ ಮೇಲೆ ಜನಕ್ಕೆ ಕತ್ತಲಲ್ಲಿ ಕೂರುವುದು ತಪ್ಪಿತು. ಬುಗ್ಗೆಯ ಸುರಂಗದೊಳಗೆ ಹೋದಾಗ ಕನ್ನಡಕಕ್ಕೆ ಹಬೆ ಕವಿಯುತ್ತದೆ. ಹೊರಗೆ ಮಂಜಿನಂಥ ತಣ್ಣೀರಿನ ಹೊಳೆ ಮೊರೆಯುತ್ತಿರುತ್ತದೆ. ಸಂದು ಮುರಿದು ನೋಯುತ್ತಿದ್ದವರು, ಕೈಕಾಲು ಸ್ವಾಧೀನ ತಪ್ಪಿದವರು ಹಗ್ಗದ ತುದಿಯಲ್ಲಿ ಈ ಕತ್ತಲಿಗೆ ಇಳಿದಾಗ ಅವರಿಗಿದ್ದ ಆಸೆ ಎಷ್ಟು ದೊಡ್ಡದಿರಬೇಕು ಎಂದು ಅಲ್ಲಿ ನಿಂತು ಯೋಚಿಸಿದ್ದೇನೆ.

ಕರೆದುಕೊಂಡು ಹೋಗುವವರಿಗೆ ನಾನು ಕಡ್ಡಾಯವಾಗಿ ಹೇಳುವ ಮಾತೊಂದಿದೆ. ನಮ್ಮ ತಲೆಯ ಮೇಲಿನ ಆಕಾಶ ನೀಲಿಯಾಗಿದ್ದರೆ ಸಾಲದು, ಹೊಳೆಯ ತಲೆಯ ಮೇಲಿನ ಆಕಾಶ ಹೇಗಿದೆ ಎಂದು ತಿಳಿಯಬೇಕು. ಕಮರಿಯಲ್ಲಿ ನೀರು ಪಕ್ಕಕ್ಕೆ ಹರಡಲಾರದು, ಏರುವುದೊಂದೇ ದಾರಿ. 1999ರ ಜುಲೈ 27ರಂದು ಇಂಟರ್‌ಲಾಕನ್ ಬಳಿಯ ಸಾಕ್ಸೆಟ್‌ಬಾಖ್‌ನಲ್ಲಿ ಹೊಳೆಗಿಳಿದು ಸಾಗುತ್ತಿದ್ದವರ ಮೇಲೆ ಗುಡುಗುಮಳೆಯ ನೀರು ನುಗ್ಗಿ 21 ಜನ ತೀರಿಕೊಂಡರು. 2021ರ ಆಗಸ್ಟಿನಲ್ಲಿ ತ್ಸುಗ್‌ಸ್ಪಿಟ್ಸೆ ಬುಡದ ಹೋಲೆನ್‌ಟಾಲ್ ಕಮರಿಯಲ್ಲಿ ಪ್ರವಾಹ ಬಂದು ಒಬ್ಬ ಹೆಣ್ಣುಮಗಳು ಜೀವ ಕಳೆದುಕೊಂಡಳು. ಬಾಗಿಲು ಮುಚ್ಚಿದೆ ಎಂಬ ಹಲಗೆ ಕಂಡರೆ ವಾದ ಮಾಡದೆ ಹಿಂತಿರುಗಬೇಕು. ಅಷ್ಟು ದೂರದಿಂದ ಬಂದಿದ್ದೇವೆ ಎಂಬುದು ಹೊಳೆಗೆ ಗೊತ್ತಿರುವುದಿಲ್ಲ.

ಚಳಿಗಾಲದ ಹೆಪ್ಪು ಬಿಟ್ಟ ಮೇಲೆ ಕಮರಿಗಳನ್ನು ಕೆಲವು ದಿನ ಮುಚ್ಚುತ್ತಾರೆ. ಬಿರುಕಿನಲ್ಲಿ ನಿಂತ ನೀರು ಐಸಾಗಿ ಹಿಗ್ಗಿ ಕಲ್ಲುಗಳನ್ನು ಸಡಿಲಿಸಿರುತ್ತದೆ. ಹಗ್ಗ ಕಟ್ಟಿಕೊಂಡ ಕೆಲಸಗಾರರು ಗೋಡೆಯುದ್ದಕ್ಕೂ ಇಳಿಯುತ್ತ, ಹಾರೆಯಿಂದ ಒಂದೊಂದನ್ನೂ ತಟ್ಟಿ ನೋಡಿ, ಅಲುಗಿದ್ದನ್ನು ಕೆಡವುತ್ತಾರೆ. ಇಂಥದೊಂದು ವಸಂತದಲ್ಲಿ ಪಾರ್ಟ್‌ನಾಖ್ ಬಾಗಿಲ ಬಳಿ ಊಟದ ಬಿಡುವಿಗೆ ಕೂತಿದ್ದ ಒಬ್ಬರನ್ನು ಮಾತಾಡಿಸಿದೆ. ಐವತ್ತರ ಆಸುಪಾಸಿನವರು, ಬೆರಳ ಗೆಣ್ಣುಗಳಲ್ಲೆಲ್ಲ ಸುಣ್ಣದ ಪುಡಿ. ಕಲ್ಲು ಸಡಿಲವಾಗಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಗಟ್ಟಿ ಕಲ್ಲು ಖಣಿಲ್ ಎನ್ನುತ್ತದೆ, ಬಿಟ್ಟ ಕಲ್ಲು ಪೊಳ್ಳಾಗಿ ಕೇಳುತ್ತದೆ, ಹೊಳೆಯ ಸದ್ದಿನಲ್ಲಿ ಕಿವಿಗೆ ಸಿಗದಿದ್ದರೂ ಹಾರೆ ಹಿಡಿದ ಕೈಗೆ ತಿಳಿಯುತ್ತದೆ ಎಂದರು. ಯಾವಾಗ ತೆರೆಯುತ್ತೀರಿ ಎಂದೆ. "ಎಡಗಡೆ ಗೋಡೆ ಇನ್ನೂ ಬಾಕಿ ಇದೆ, ಮುಂದಿನ ವಾರ ಬನ್ನಿ" ಎಂದು ಹೇಳಿ, ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋದರು.