ಶಾಯಿಗೊಂದು ಹನಿ ನೀರು

ನನಗೆ ಚಿತ್ರಕಲೆ ಬಾರದು. ಹೈಸ್ಕೂಲಿನಲ್ಲಿ ನಾನು ಬರೆದ ಬಾಳೆಹಣ್ಣನ್ನು ಡ್ರಾಯಿಂಗ್ ಮೇಷ್ಟರು ಕುಡುಗೋಲೆಂದು ಭಾವಿಸಿ ಹತ್ತಕ್ಕೆ ಆರು ಅಂಕ ಕೊಟ್ಟರು. ನಿಜ ತಿಳಿದ ಮೇಲೆ ಎರಡಕ್ಕೆ ಇಳಿಸಿದರು. ಅಂದಿನಿಂದ ಕುಂಚಕ್ಕೂ ನನಗೂ ಮಾತಿಲ್ಲ. ಶಾಯಿಯ ಸಹವಾಸವನ್ನು ಮಾತ್ರ ಬಿಟ್ಟಿಲ್ಲ. ಉತ್ತರಪತ್ರಿಕೆ ತಿದ್ದುವವನಿಗೆ ಅದೇ ಅನ್ನ.

ಆದ್ದರಿಂದ ಈ ಸಲ ಸಂಕ್ರಾಂತಿಗೆ ಎರಡು ವಾರ ಮುಂಚೆ ನನ್ನ ಶಾಯಿಬುಡ್ಡಿ ಮೇಜಿನಿಂದ ಮಾಯವಾದಾಗ ನಾನು ಗದರಿದ್ದು ಸಹಜ. ಮಗಳು ಅಡಿಗೆಮನೆಯ ನೆಲದ ಮೇಲೆ ಕುಳಿತು ಶುಭಾಶಯದ ಕಾರ್ಡು ಮಾಡುತ್ತಿದ್ದಳು. ಪ್ಲಾಸ್ಟಿಕ್ ಹಾಳೆಯ ಮೇಲೆ ನಾಲ್ಕು ಹನಿ ಶಾಯಿ. ಅದರ ಮೇಲೆ ಚಿಮುಕಿಸಿದ ನೀರು ಮುತ್ತುಮುತ್ತಾಗಿ ನಿಂತಿತ್ತು. ದಪ್ಪ ಕಾಗದವನ್ನು ಅದರ ಮೇಲೆ ಕವುಚಿ, ಮೆಲ್ಲನೆ ಒತ್ತಿ, ಎತ್ತಿದಳು. ಆಷಾಢದ ಆಗುಂಬೆಯ ಆಕಾಶ ಕಾಗದಕ್ಕೆ ಇಳಿದಿತ್ತು! ಕೆ. ವೆಂಕಟಪ್ಪನವರು (1886–1965) ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದದ್ದು ತಪಸ್ಸು; ಇದು ಬರಿಯ ಆಟ. ಆದರೂ ಕಣ್ಣು ತಣಿಯಿತು.

"ಇದಕ್ಕೆ ಚಿತ್ರ ಬರೆಯೋಕೆ ಬರಲೇಬೇಕು ಅಂತಿಲ್ಲ ಅಪ್ಪಾ. ನೀರೇ ಬರೆಯುತ್ತೆ" ಎಂದಳು.

ನಾನೂ ಪಂಚೆ ಮಡಿಚಿ ಕುಳಿತೆ. ಅವಸರ ಇಲ್ಲಿ ಸಲ್ಲದು. ಮೊದಲ ಪದರ ಒಣಗುವ ಮುನ್ನ ಎರಡನೆಯ ಬಣ್ಣ ತಾಗಿಸಿದರೆ ಎರಡೂ ಸೇರಿ ಕೆಸರಾಗುತ್ತದೆ. ನೋಟುಪುಸ್ತಕದ ಹಾಳೆ ಇಷ್ಟು ನೀರು ತಾಳದು. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದವಾದರೆ ಒಳ್ಳೆಯದು. ಹಸಿಯ ಮೇಲೆ ಉಪ್ಪಿನ ಹರಳು ಉದುರಿಸಿದರೆ ಅದು ನೀರನ್ನು ಹೀರಿ ಅಲ್ಲಲ್ಲಿ ನಕ್ಷತ್ರ ಮೂಡಿಸುತ್ತದೆ. ಒಣಗಿದ ಕಾಗದ ಹಪ್ಪಳದಂತೆ ಸೊಟ್ಟಗಾಗುವುದರಿಂದ ಭಾರ ಹೇರಬೇಕು. ಅದಕ್ಕೆ ನನ್ನ ಕಪಾಟಿನಿಂದ ಕಿಟ್ಟೆಲರ ನಿಘಂಟು ಬಂತು. 1894ರಲ್ಲಿ ಅದನ್ನು ಹೊರತಂದ ಪುಣ್ಯಾತ್ಮರು ಇಂಥ ಸೇವೆಯನ್ನು ಎಣಿಸಿರಲಾರರು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಪ್ಪು ಶಾಯಿ. ನೀರು ತಾಗಿದೊಡನೆ ಅದರ ಅಂಚಿನಲ್ಲಿ ನೀಲಿ, ನೇರಳೆ, ತುಸು ಕೆಂಪು ಕಾಣಿಸಿಕೊಂಡವು. ಕಾಡಿಗೆಯಿಂದ ಮಾಡಿದ ಶಾಯಿಯಾದರೆ ಹೀಗಾಗದು. ಪೆನ್ನಿನ ಕಪ್ಪು ಹಲವು ಬಣ್ಣಗಳ ಕೂಡುಕುಟುಂಬ. ಕೆಲವು ಕಾಗದಕ್ಕೆ ಬೇಗ ಅಂಟಿಕೊಳ್ಳುತ್ತವೆ, ಕೆಲವು ನೀರಿನೊಡನೆ ದೂರ ಹೋಗುತ್ತವೆ. ರಷ್ಯದ ಸಸ್ಯವಿಜ್ಞಾನಿ ತ್ಸ್ವೆತ್ 1903ರಲ್ಲಿ ಎಲೆಯ ಬಣ್ಣಗಳನ್ನು ಬಿಡಿಸಿ ತೋರಿಸಿದ್ದು ಇದೇ ಜಾಡಿನಲ್ಲಿ.

ತ್ಸ್ವೆತ್‌ಗಿಂತ ಮೊದಲು ಇದನ್ನು ನನಗೆ ತೋರಿಸಿದವನು ನನ್ನ ಅಣ್ಣ. ನಾನು ಬೆಂಚಿನ ಮೇಲೆ ಶಾಯಿ ಚೆಲ್ಲಿದಾಗಲೆಲ್ಲ ಅವನು ಸೀಮೆಸುಣ್ಣದ ತುಂಡು ಇಟ್ಟು ಹೀರಿಸುತ್ತಿದ್ದ. ತುಂಡಿನ ಮೇಲೆ ಬಣ್ಣ ಬೇರೆಬೇರೆಯಾಗಿ ಏರುವುದನ್ನು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಒಂದೇ ಬುಡ್ಡಿಯಿಂದ ಬರೆದವರು ನಾವು. ಊರಿನ ತೋಟದ ಪಾಲಿನ ಮಾತು ಬಂದು, ಆರು ವರ್ಷದಿಂದ ಅವನಿಗೂ ನನಗೂ ಮಾತಿಲ್ಲ.

"ಇದು ಯಾರಿಗೆ?" ಎಂದೆ.

"ದೊಡ್ಡಪ್ಪಂಗೆ. ಒಳಗೆ ನೀನೇ ಬರೀಬೇಕು."

ಕನ್ನಡ ಮೇಷ್ಟರಿಗೆ ಮಾತಿಗೇನು ಬರ? 'ಅಣ್ಣನಿಗೆ' ಎಂದು ತೊಡಗಿ, ತೋಟದ ವಿಚಾರದಲ್ಲಿ ನನ್ನ ತಪ್ಪು ಎಷ್ಟು, ಅವನದು ಎಷ್ಟು ಎಂದು ಅಳೆದು ತೂಗಿ ಬರೆದೆ. ಕಾಗದ ಇನ್ನೂ ಹಸಿಯಾಗಿದ್ದುದು ನನಗೆ ತಿಳಿಯಲಿಲ್ಲ. ನೋಡುನೋಡುತ್ತ ಲೆಕ್ಕಾಚಾರವೆಲ್ಲ ಹರಡಿ ನೀಲಿ ಮೋಡವಾಯಿತು. ಒಣಗಿದ ಮೂಲೆಯಲ್ಲಿದ್ದ 'ಅಣ್ಣನಿಗೆ' ಮಾತ್ರ ಉಳಿಯಿತು. ಬೇರೆ ಕಾರ್ಡು ತೆಗೆದುಕೊಳ್ಳಲು ಕೈ ಚಾಚಿದೆ. ಆಮೇಲೆ ಯಾಕೋ ಬೇಡವೆನ್ನಿಸಿತು. ಒಣಗಿದ ಮೇಲೆ ಕೆಳಗೆ ಬರೆದೆ: 'ಎಳ್ಳುಬೆಲ್ಲ ಕಳಿಸಿದ್ದೇನೆ. ಅತ್ತಿಗೆಗೆ ನಮಸ್ಕಾರ.'

ಹಬ್ಬ ಕಳೆಯಿತು, ಉತ್ತರವಿಲ್ಲ. ನಾಲ್ಕನೆಯ ದಿನ ರಾತ್ರಿ ಫೋನು ಬಂತು. ಕ್ಷೇಮಸಮಾಚಾರವಿಲ್ಲ, ಪೀಠಿಕೆಯಿಲ್ಲ.

"ಏನೋ, ಇಂಕು ಚೆಲ್ಲೋ ಅಭ್ಯಾಸ ಇನ್ನೂ ಬಿಟ್ಟಿಲ್ವೇನೋ?"

ತೋಟದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅದರ ಮಾತನ್ನು ಆ ರಾತ್ರಿ ಇಬ್ಬರೂ ಎತ್ತಲಿಲ್ಲ.